ಲೋಣಾವಳಾದ ಏರಿನಲ್ಲಿ ರುಮಾಲು ಸುತ್ತಿಕೊಂಡ ಇಂಜಿನ್ನಿನ ಬಗ್ಗೆ

ಝೇಂಕಾರ್ ಮೋಟಾರ್ಸ್ ಸಂಸ್ಥೆಯ ಟರ್ಬೊ ಪೆಟ್ರೋಲ್ ಇಂಜಿನ್ ವಿನ್ಯಾಸ ವಿಭಾಗದ ಘನ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ಪುಣೆಯ ಹಡಪಸರದಿಂದ ಮಧುಕರ್ ಹೊಸಮನಿ ಎಂಬ ತಮ್ಮ ಗ್ರಾಹಕನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ತಮ್ಮ ಇಂಜಿನ್ನೂ ಈ ಪತ್ರ ಬರೆಯುವ ಹೊತ್ತಿಗೆ ಕ್ಷೇಮವಾಗಿ, ಅಂದರೆ ಬಂದ್ ಆಗಿ, ನಿಂತಿದೆ.

ಮೊದಲು ತಮ್ಮ ಪ್ರತಿಭೆಯನ್ನು ಕೊಂಡಾಡದೆ ಮುಂದೆ ಹೋದರೆ ನಾಲಿಗೆ ಸೇದಿಹೋದೀತು. ಹೊಗೆಯಾಗಿ ಸುಮ್ಮನೆ ಹೊರಗೆ ಹೋಗಬೇಕಾದ ಗಾಳಿಯನ್ನೇ ಹಿಡಿದು ಒಂದು ಚಕ್ರ ತಿರುಗಿಸಿ, ಆ ಚಕ್ರದ ಬಲದಿಂದ ಹೊಸ ಗಾಳಿಯನ್ನು ಒಳಗೆ ಒತ್ತಿ ತುಂಬಿ, ಮೂರೇ ಸಿಲಿಂಡರಿನಿಂದ ನಾಲ್ಕರ ಕೆಲಸ ತೆಗೆಯುವ ತಮ್ಮ ಕೌಶಲ್ಯಕ್ಕೆ ಎಣೆಯುಂಟೇ? ಮೂವರಿಂದ ನಾಲ್ವರ ಕೆಲಸ ತೆಗೆಯುವ ಈ ಕಲೆ ತಮ್ಮನ್ನು ಬಿಟ್ಟರೆ ನನ್ನ ಅತ್ತೆ ಅಂಬಾಬಾಯಿಯವರಿಗೆ ಮಾತ್ರ ಒಲಿದಿದೆ.

ಪಾಲನೆ ಪೋಷಣೆಯಲ್ಲಿ ನಾನು ಕೊರತೆ ಮಾಡಿದೆನೆಂದು ತಾವು ಹೇಳುವಂತಿಲ್ಲ. ತಾವು ಹೇಳಿದ ಆಯಿಲನ್ನೇ, ತಾವು ಹೇಳಿದ ಹೊತ್ತಿಗೇ ಹಾಕಿಸಿದ್ದೇನೆ. ದೂರ ಓಡಿಸಿ ಬಂದ ಮೇಲೆ ಕೂಡಲೇ ಬಂದ್ ಮಾಡಬೇಡಿ, ಟರ್ಬೊ ತುಸು ತಣ್ಣಗಾಗಲಿ ಎಂದು ತಮ್ಮ ಕೈಪಿಡಿಯಲ್ಲಿ ಅಪ್ಪಣೆಯಾಗಿರುವುದರಿಂದ, ಮನೆ ಮುಟ್ಟಿದ ಮೇಲೂ ಗಾಡಿಯಲ್ಲೇ ಕೈಕಟ್ಟಿ ಕೂತಿರುತ್ತೇನೆ. ನಮ್ಮ ಸೊಸೈಟಿಯ ವಾಚ್‌ಮನ್ ಇದನ್ನು ನೋಡಿ ನೋಡಿ, ಮನೆಯಲ್ಲಿ ಜಗಳವೇನು ಸಾಹೇಬರೇ ಎಂದು ಮರುಕದಿಂದ ವಿಚಾರಿಸಿದ್ದೂ ಉಂಟು.

ಹೀಗಿರಲು, ಕಳೆದ ಮಳೆಗಾಲದಲ್ಲಿ ಗಾಡಿಯನ್ನು ಸರ್ವಿಸಿಗೆ ಬಿಟ್ಟು ತಂದ ಮರುದಿನದಿಂದ ಬಾನೆಟ್ಟಿನೊಳಗೆ ಸಣ್ಣದೊಂದು ಶಿಳ್ಳೆ ಕೇಳತೊಡಗಿತು. ತಮ್ಮ ಸರ್ವಿಸ್ ಕೇಂದ್ರದ ಮಹನೀಯರನ್ನು ಕೇಳಿದಾಗ ಅವರು ನಕ್ಕು, "ಟರ್ಬೊ ಆಹೇ ಸಾಹೇಬ, ಶಿಟ್ಟಿ ಮಾರಣಾರಚ," ಎಂದು ಮರಾಠಿಯಲ್ಲಿ ಅಭಯವಿತ್ತರು. ಟರ್ಬೊ ಅಂದ ಮೇಲೆ ಶಿಳ್ಳೆ ಹೊಡೆಯದೆ ಇದ್ದೀತೇ ಎಂದು ಅದರ ಅರ್ಥ. ಆ ಶಿಳ್ಳೆಯನ್ನು ಕೇಳಿಸಿಕೊಳ್ಳುತ್ತಲೇ ನಾನು, ನನ್ನ ಹೆಂಡತಿ ಶಾಲಿನಿ, ಅತ್ತೆಯವರು ಮತ್ತು ಅವರ ಮಗ ಸುಖೇಶ ನಾಲ್ವರೂ ಒಂದು ಭಾನುವಾರ ಲೋಣಾವಳಾಕ್ಕೆ ಹೊರಟೆವು.

ಹೊರಟ ಕಾರಣವನ್ನು ತಮಗೆ ಹೇಳಲೇಬೇಕು. ನನ್ನ ಈ ಭಾವಮೈದುನ ಸುಖೇಶ ಮಗರಪಟ್ಟಾದ ಒಂದು ಕಚೇರಿಯಲ್ಲಿ ಕಂಪ್ಯೂಟರಿನ ಜೊತೆ ದಿನವಿಡೀ ಸಂಭಾಷಿಸಿ, ಮನೆಗೆ ಬಂದು ಮನುಷ್ಯರಿಗೆ "ಹೂಂ" ಎಂಬ ಒಂದಕ್ಷರ ಮಾತ್ರ ದಯಪಾಲಿಸುವಾತ. ಬಂದ ಸಂಬಂಧಗಳೆಲ್ಲ ಆ ಹೂಂಕಾರಕ್ಕೇ ಓಡಿಹೋಗಿದ್ದವು. ಉಳಿದವಳು ಸಿಂಧೂರ ಒಬ್ಬಳೇ. ಮಂಡ್ಯದ ಕಡೆಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದವರ ಮಗಳು, ಭೋಸರಿಯ ರಬ್ಬರ್ ಪೈಪಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಹುಡುಗನ ಬಾಯಿಂದ ನಾಲ್ಕು ಮಾತು ಕೇಳಿದ ಮೇಲೆಯೇ ತನ್ನ ತೀರ್ಮಾನ ಎಂದು ಆಕೆ ಹೇಳಿ ಕಳಿಸಿದ್ದಳು. ಎರಡೂ ಕಡೆಯವರಿಗೆ ನಡುದಾರಿಯಾಗಲಿ ಎಂದು, ಲೋಣಾವಳಾದಾಚೆ ಗುಡ್ಡದ ಮೇಲಿನ ಹೋಟೆಲೊಂದರಲ್ಲಿ ಮಾತುಕತೆ, ಒಪ್ಪಿಗೆಯಾದರೆ ಅಲ್ಲೇ ನಿಶ್ಚಯ ಎಂದು ಗೊತ್ತಾಗಿತ್ತು. ಒಪ್ಪಿಗೆ ಆಗಿಯೇ ಆಗುತ್ತದೆಂಬ ಧೈರ್ಯದಲ್ಲಿ ಅತ್ತೆಯವರು ಮಗನ ತಲೆಗೆ ಸುತ್ತಲೆಂದು ಜರಿ ಅಂಚಿನ ಉದ್ದನೆಯ ರುಮಾಲನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು.

ಊರು ದಾಟಿ ಗುಡ್ಡದ ಏರು ಹತ್ತುವಾಗ ಸುಖೇಶನ ಹಣೆಯಲ್ಲಿ ಬೆವರೊಡೆದಿತ್ತು. ಅತ್ತೆಯವರು, "ಏನರ ಒಂದ್ ಮಾತ್ ಆಡೋ ತಮ್ಮಾ, ಅಭ್ಯಾಸ ಆಗ್ಲಿ," ಎಂದರು. ಆತ "ಹೂಂ" ಎಂದ. ಅದೇ ಕ್ಷಣ ತಮ್ಮ ಇಂಜಿನ್ "ಬುಸ್ಸ್" ಎಂದಿತು. ಶಿಳ್ಳೆ ನಿಂತಿತು, ಶಕ್ತಿಯೂ ನಿಂತಿತು. ನಾನು ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದೆ. ಗಾಡಿ ಏರಿನ ನಟ್ಟನಡುವೆ ನಿಂತು, ಕೊಂಚ ಯೋಚಿಸಿ, ಹಿಂದಕ್ಕೆ ಜಾರತೊಡಗಿತು. ಬೆನ್ನಿಗೇ ಒಂದು ಬಾಡಿಗೆ ವ್ಯಾನು. ಅದರ ಮುಂದಿನ ಸೀಟಿನಲ್ಲಿ, ತಮ್ಮ ಲೆಕ್ಕಾಚಾರದ ನಿಖರತೆಗೆ ಕೈಮುಗಿಯುತ್ತೇನೆ, ಹಸಿರು ರೇಷ್ಮೆ ಸೀರೆಯ ಸಿಂಧೂರ.

ನಾನು ಹ್ಯಾಂಡ್‌ಬ್ರೇಕಿಗೆ ಜೋತುಬಿದ್ದೆ. ಸುಖೇಶ ಬಾಗಿಲು ತೆರೆದು ಮಳೆಗೆ ಹಾರಿ, ರಸ್ತೆಯಂಚಿನ ಕಲ್ಲೊಂದನ್ನು ಗಾಲಿಯ ಹಿಂದೆ ಒದ್ದು ನಿಲ್ಲಿಸಿ, ವ್ಯಾನಿನ ಗಾಜಿಗೆ ಮುಖವಿಟ್ಟು ಇಡೀ ಗುಡ್ಡ ಕೇಳುವಂತೆ ಕೂಗಿದ: "ಹಿಂದಕ್ಕ ಸರೀರಿ! ಹಿಂದಕ್ಕ ಸರೀರಿ!"

ತನ್ನನ್ನು ವರಿಸಬೇಕಾದ ಹುಡುಗಿಗೆ ಆತ ಆಡಿದ ಮೊದಲ ಮಾತು ಇದು. ಅತ್ತೆಯವರು ಹಣೆ ಚಚ್ಚಿಕೊಂಡು, "ಮುಗೀತವ್ವಾ, ಇದೂ ಹೋತು," ಎಂದರು. ಸಿಂಧೂರ ಸೆರಗು ಸಿಕ್ಕಿಸಿಕೊಂಡು ಕೆಳಗಿಳಿದು ಬಂದಳು. "ಹಿಂದಕ್ಕೆ ಸರಿಯೋಕೆ ನಾನು ಇಲ್ಲಿವರೆಗೂ ಬಂದಿಲ್ಲ ಕಣ್ರೀ. ಬಾನೆಟ್ ತೆಗೀರಿ ಮೊದ್ಲು."

ಬಗ್ಗಿ ನೋಡಿದವಳೇ ಕೈಹಾಕಿ ತೋರಿಸಿದಳು: ಟರ್ಬೊದಿಂದ ಇಂಜಿನ್ನಿಗೆ ಗಾಳಿ ಒಯ್ಯುವ ಪೈಪು ತನ್ನ ಬಾಯಿಂದ ಕಳಚಿ ನೇತಾಡುತ್ತಿತ್ತು. ಅದನ್ನು ಬಿಗಿಹಿಡಿಯಬೇಕಾದ ಪಟ್ಟಿ ಮಾಯ. ಸರ್ವಿಸಿನಲ್ಲಿ ಬಿಚ್ಚಿದವರು ಅದನ್ನು ಸರಿಯಾಗಿ ಬಿಗಿದಿರಲಿಲ್ಲ. ಏನಾದರೂ ಉದ್ದನೆಯ ಗಟ್ಟಿ ಬಟ್ಟೆ ಬೇಕು ಎಂದು ಆಕೆ ಕೇಳಿದಳು. ನಾವೆಲ್ಲರೂ ಅತ್ತೆಯವರ ಮಡಿಲನ್ನು ನೋಡಿದೆವು. ಅವರು ರುಮಾಲನ್ನು ಎದೆಗೊತ್ತಿ ಹಿಡಿದರು, ಮಗನ ಮುಖ ನೋಡಿದರು, ನಿಟ್ಟುಸಿರಿಟ್ಟು ಕೊಟ್ಟುಬಿಟ್ಟರು.

ಸಿಂಧೂರ ಪೈಪನ್ನು ಕೂರಿಸಿ ಹಿಡಿದಳು, ಸುಖೇಶ ಸುತ್ತಿದ. "ಇನ್ನೂ ಬಿಗಿಯಾಗಿ. ಗಂಟು ಹಾಕೋಕೆ ಬರುತ್ತಾ ನಿಮಗೆ?"

"ಇಲ್ಲೀತನಕ ಯಾರೂ ಹಾಕಿಸಿಕೊಂಡಿಲ್ರೀ," ಎಂದ ಸುಖೇಶ. "ನೀವು ಹಿಡಕೊಂಡ್ರ ಹಾಕತೀನಿ."

ಕೊಡೆ ಹಿಡಿದು ನಿಂತಿದ್ದ ಶಾಲಿನಿ ನಗು ತಡೆಯಲಾರದೆ ಕೊಡೆಯನ್ನೇ ಬಿಟ್ಟಳು. ಅದು ಗಾಳಿಗೆ ಉರುಳುತ್ತ ಕಣಿವೆ ಸೇರಿತು. ಎರಡೂ ಕಡೆಯವರು ಸೇರಿ ಗಾಡಿ ತಳ್ಳಿದರು. ಹಾಗೆ ಕುಂಟುತ್ತ ಕೆಮ್ಮುತ್ತ ಹೋಟೆಲು ಮುಟ್ಟಿದೆವು. ಹುಡುಗಿಯ ತೀರ್ಮಾನವೇನು ಎಂದು ಹಿರಿಯರು ಕೇಳಿದಾಗ ಸಿಂಧೂರ, "ಗಾಡಿ ನಂಗಿಷ್ಟ ಆಗ್ಲಿಲ್ಲ. ತಳ್ಳಿದವರು ಪರವಾಗಿಲ್ಲ," ಎಂದಳು. ಹುಡುಗ ಬರಿದಲೆಯಲ್ಲಿ ಕೂತ. ಅಂದಿನ ನಿಶ್ಚಯದಲ್ಲಿ ರುಮಾಲು ಸುತ್ತಿಕೊಂಡ ಗಂಡಸು ತಮ್ಮ ಇಂಜಿನ್ ಒಬ್ಬನೇ. ಶಾಸ್ತ್ರಕ್ಕೆ ಕುಂದಾಗಬಾರದೆಂದು ಅತ್ತೆಯವರು ಮಳೆಯಲ್ಲೇ ಹೋಗಿ ಬಾನೆಟ್ ಎತ್ತಿಸಿ, ಅದಕ್ಕೂ ಕುಂಕುಮ ಹಚ್ಚಿ ಅಕ್ಷತೆ ಹಾಕಿ ಬಂದರು.

ಇನ್ನು ನನ್ನ ದೂರು. ಗಾಡಿಯನ್ನು ನೋಡಿದ ತಮ್ಮ ಸರ್ವಿಸ್ ಕೇಂದ್ರದವರು, ಸಂಸ್ಥೆ ಒಪ್ಪದ ಬಿಡಿಭಾಗವನ್ನು ಬಳಸಿರುವುದರಿಂದ ವಾರಂಟಿ ರದ್ದಾಗಿದೆ ಎಂದು ತಿಳಿಸಿದ್ದಾರೆ. ತಾವು ಒಪ್ಪಿದ ಬಿಡಿಭಾಗ ದಾರಿಯಲ್ಲೆಲ್ಲೋ ಬಿದ್ದುಹೋಗಿ, ಒಪ್ಪದ ಬಿಡಿಭಾಗ ಗುಡ್ಡ ಹತ್ತಿಸಿತು. ಆದ್ದರಿಂದ ಜರಿ ರುಮಾಲನ್ನು ತಮ್ಮ ಅಸಲಿ ಬಿಡಿಭಾಗವೆಂದು ಘೋಷಿಸಿ, ಎಲ್ಲ ಶೋರೂಮುಗಳಲ್ಲಿ ಸಿಗುವಂತೆ ಮಾಡಬೇಕಾಗಿ ಪ್ರಾರ್ಥನೆ.

ಅದಕ್ಕಿಂತ ಘೋರವಾದದ್ದು ಮುಂದಿದೆ. ಸುದ್ದಿ ಹಬ್ಬಿ, ಪುಣೆಯಲ್ಲಿರುವ ನಮ್ಮ ಕಡೆಯವರೆಲ್ಲ ಮಾತು ಬಾರದ ಗಂಡುಮಕ್ಕಳನ್ನು ಕರೆದುಕೊಂಡು ನಮ್ಮ ಮನೆಗೆ ಬರುತ್ತಿದ್ದಾರೆ. "ನಮ್ಮ ಹುಡುಗನೂ ಭಾಳ ಸುಮ್ಮನಿರ್ತಾನ್ರೀ ಮಧುಕರ, ಒಂದ್ ಭಾನುವಾರ ಗಾಡಿ ಕೊಡ್ರಿ," ಎಂದು ಅವರಲ್ಲೊಬ್ಬರಾದ ಭೀಮಣ್ಣನವರು ಚಿಕ್ಕಿಯ ಪೊಟ್ಟಣ ಹಿಡಿದು ಬೆಳಿಗ್ಗೆಯೇ ಬಂದು ಕೂತಿದ್ದಾರೆ. ಆದರೆ ಪೈಪನ್ನು ಈಗ ಭದ್ರವಾಗಿ ಬಿಗಿದಾಗಿದೆ. ಏನು ಮಾಡಿದರೂ ಕಳಚುತ್ತಿಲ್ಲ. ಆದಕಾರಣ, ಬೇಕಾದ ತಿರುವಿನಲ್ಲಿ, ಬೇಕಾದ ವ್ಯಾನಿನ ಮುಂದೆ ಅದು ತಾನಾಗಿ ಕಳಚುವಂತೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಗುಂಡಿ ಕೂರಿಸಿಕೊಡಬೇಕೆಂದೂ, ಅದು ಆಗದಿದ್ದರೆ ಭೀಮಣ್ಣನವರ ಮಗನನ್ನು ತಮ್ಮ ವಿಭಾಗದಲ್ಲೇ ಇಟ್ಟುಕೊಂಡು ಎರಡು ಮಾತು ಕಲಿಸಬೇಕೆಂದೂ ತಮ್ಮಲ್ಲಿ ವಿನಮ್ರವಾಗಿ ಬೇಡಿಕೊಳ್ಳುತ್ತೇನೆ.

ಇಳಿಜಾರಿನಲ್ಲಿ ಎಂದೆಂದಿಗೂ ತಮ್ಮ ವಿಶ್ವಾಸಿ,
ಮಧುಕರ್ ಹೊಸಮನಿ

ತಾ.ಕ.: ಈ ಪತ್ರವನ್ನು ಖುದ್ದಾಗಿ ತಮ್ಮ ಕೈಗೇ ಕೊಡೋಣವೆಂದು ತಮ್ಮದೇ ಗಾಡಿಯಲ್ಲಿ ಹೊರಟಿದ್ದೆ. ತಮ್ಮ ಕಚೇರಿ ದಿಬ್ಬದ ಮೇಲಿದೆಯೆಂದು ದಾರಿಯಲ್ಲಿ ತಿಳಿಯಿತು. ಅಂಚೆಗೆ ಹಾಕುತ್ತಿದ್ದೇನೆ.