ಅರಕಲಗೂಡಿನ ಟಿವಿ ತವರಿಗೆ ಬಂದದ್ದು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಹೇಳಲು ಬರುವುದಿಲ್ಲ. ನೀವು ನಗಬೇಕಾದ ಜಾಗದಲ್ಲಿ ನಾನು ವಿವರಣೆ ಕೊಡುತ್ತಿರುತ್ತೇನೆ. ಆದರೆ ಒಂದು ಚಂದಾದಲ್ಲಿ ಎರಡು ಊರಿನವರು ಟಿವಿ ನೋಡಿದರೆ ಇಂಥವು ಆಗುತ್ತಲೇ ಇರುತ್ತವೆ, ಯಾರಾದರೂ ಬರೆದಿಡಬೇಕಲ್ಲ. ಇಂಟರ್‌ನೆಟ್ಟಿನಲ್ಲಿ ಸಿನಿಮಾ, ಧಾರಾವಾಹಿ ತೋರಿಸುವ ಕಂಪನಿಯೊಂದರ ಚಂದಾ ನನ್ನದು, ನಾನಿರುವುದು ಹೊಳೆನರಸೀಪುರ. ಪಾಸ್‌ವರ್ಡ್ ಅರಕಲಗೂಡಿನ ಅಣ್ಣನ ಮನೆಯಲ್ಲೂ ಇದೆ. ಅವ್ವ ಇರುವುದು ಅಲ್ಲೇ. ಅವ್ವನಿಗೆ ಒಂದು ಧಾರಾವಾಹಿ. ಅದರಲ್ಲಿ ಸೊಸೆಗೆ ಮನೆಯ ಬೀಗದಕೈ ಸಿಗುತ್ತದೋ ಇಲ್ಲವೋ, ಅದೊಂದು ಗೊತ್ತಾಗುವವರೆಗೆ ಅವಳಿಗೆ ಸಮಾಧಾನವಿಲ್ಲ.

ಸೂತಕ

ಒಂದು ದಿನ ಅರಕಲಗೂಡಿನ ಟಿವಿ ನಿಂತಿತು. ‘ಈ ಖಾತೆ ಒಂದೇ ಮನೆಯವರಿಗೆ ಮಾತ್ರ’ ಎಂದು ಬರೆದು ಬಂತು. ಕಂಪನಿಗೆ ಫೋನು ಮಾಡಿ ಅಣ್ಣನನ್ನೂ ಸೇರಿಸಿಕೊಂಡೆ. ಅದೇ ನಾನು ಮಾಡಿದ ತಪ್ಪು.

“ನಮ್ದು ಒಂದೇ ಮನೆ ಕಣಮ್ಮ, ಆಸ್ತಿ ಇನ್ನೂ ಪಾಲಾಗಿಲ್ಲ” ಎಂದ ಅಣ್ಣ.

“ವಾಸ ಎಲ್ಲಿ ಸರ್?” ಎಂದಳು ಕಂಪನಿಯ ಹುಡುಗಿ.

“ವಾಸ ಬ್ಯಾರೆ, ಮನೆ ಒಂದೇ. ಅರಕಲಗೂಡಲ್ಲಿ ಯಾರಾದ್ರೂ ಸತ್ರೆ ವಳೇನರಸೀಪುರದವ್ರಿಗೂ ಸೂತಕ. ಸೂತಕ ಎರಡ್ ಮನೆಗೂ ಬತ್ತದೆ, ಸಿನಿಮಾ ಬರಕ್ಕೇನು ರೋಗ?”

“ಲೈನಲ್ಲಿರಿ ಸರ್” ಎಂದಳು ಹುಡುಗಿ. ಸಂಗೀತ ಶುರುವಾಯಿತು.

“ನೋಡ್ದೇನ್ಲಾ? ಉತ್ರ ಇಲ್ದೇವೋದ್ರೆ ಆಡು ಆಕ್ಬುಡ್ತಾರೆ” ಎಂದ ಅಣ್ಣ.

ಮೀಟಿಂಗಿನಲ್ಲಿ ಕೋಡು

ಆಮೇಲೆ ಕಂಪನಿ ಒಂದು ದಾರಿ ಕೊಟ್ಟಿತು. ಅರಕಲಗೂಡಿನಲ್ಲಿ ಟಿವಿ ಹಾಕಿದಾಗ ನನ್ನ ಮೊಬೈಲಿಗೆ ಕೋಡು ಬರುತ್ತದೆ. ಅದನ್ನು ನಾನು ತಕ್ಷಣ ಹೇಳಬೇಕು, ತಡವಾದರೆ ಕೆಲಸಕ್ಕೆ ಬಾರದು. ಹಾಸನದಿಂದ ದೊಡ್ಡ ಸಾಹೇಬರು ಬಂದು ನಮ್ಮ ಆಫೀಸಿನಲ್ಲಿ ಮೀಟಿಂಗ್ ಮಾಡುತ್ತಿದ್ದ ದಿನವೇ ಅವ್ವ ಟಿವಿ ಹಾಕಿದಳು. ನಾನು ಮೇಜಿನ ಕೆಳಗೆ ಬಗ್ಗಿ ಫೋನಿನಲ್ಲಿ ಕೋಡು ಪಿಸುಗುಟ್ಟಿದೆ. ಅವ್ವನಿಗೆ ಕಿವಿ ಮಂದ. ಕೊನೆಗೆ ಕೂಗಿದೆ.

“ಏನ್ರೀ ಅದು?” ಎಂದರು ಸಾಹೇಬರು.

“ಮನೆ ಟಿವಿ ಕೋಡು ಸಾ.”

ನಿಯಮ ಪಾಲನೆಯ ಬಗ್ಗೆ ಎಲ್ಲರಿಗೂ ಉಪದೇಶವಾಯಿತು. ಮೀಟಿಂಗ್ ಮುಗಿದ ಮೇಲೆ ನನ್ನೊಬ್ಬನನ್ನೇ ಒಳಗೆ ಕರೆದರು. ಕೆಲಸ ಹೋಯಿತು ಎಂದುಕೊಂಡೆ. ಬಾಗಿಲು ಹಾಕಿಸಿ ಮೆಲ್ಲಗೆ ಕೇಳಿದರು: “ನಮ್ ಬೀಗರು ಪಾಸ್‌ವರ್ಡ್ ಬದಲಾಯಿಸ್ಬಿಟ್ಟಿದಾರೆ ಕಣ್ರೀ. ನಿಮ್ಮ ಮನೇಲಿ ಇನ್ನೊಬ್ರಿಗೆ ಜಾಗ ಇದೆಯಾ?”

ಭೋಗ್ಯದ ತೋಟ

ಇಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಈ ತಿಂಗಳ ಕೊನೆಗೆ ಆ ಧಾರಾವಾಹಿಯನ್ನೇ ತೆಗೆಯುತ್ತಾರಂತೆ. ಕಂಪನಿಗೆ ಅದರ ಹಕ್ಕು ಇದ್ದದ್ದು ಅಲ್ಲಿಯವರೆಗೆ ಮಾತ್ರ. ಇದನ್ನು ಅವ್ವನಿಗೆ ಹೇಗೆ ವಿವರಿಸುವುದೆಂದು ನಾನು ತಿಣುಕುತ್ತಿದ್ದೆ.

“ಭೋಗ್ಯ ಅನ್ನು ಮತ್ತೆ” ಎಂದಳು ಅವ್ವ. ದುಡ್ಡು ಕೊಟ್ಟು ಬೇರೆಯವರ ತೋಟವನ್ನು ಇಷ್ಟು ವರ್ಷ ಎಂದು ಅನುಭವಿಸುವುದಕ್ಕೆ ಭೋಗ್ಯ ಎನ್ನುತ್ತಾರೆ. “ವಾಯ್ದೆ ಮುಗಿಯೋ ಒತ್ಗೆ ಎಳನೀರ್ನೂ ಬಿಡ್ದಂಗೆ ಕೆಡವ್ಕೊಂಡ್ಬುಡ್ಬೇಕು ಕಣ್ಮಗ.”

ಅಂದಿನಿಂದ ಅವ್ವ ಟಿವಿ ಮುಂದಿನಿಂದ ಏಳಲಿಲ್ಲ. ಅಣ್ಣ ಹೋಟೆಲಿನಲ್ಲಿ ಉಣ್ಣುತ್ತಿದ್ದ. “ನೋಡ್ತಿರೋದು ಅವ್ವ, ನೀವು ಅಡುಗೆ ಮಾಡಬಾರದಾ ಅತ್ತಿಗೆ?” ಎಂದು ಕೇಳಿದೆ.

“ಎದ್ದೋದ್ರೆ ಆಮೇಲೆ ಅತ್ತೆ ಬಾಯಲ್ಲಿ ಕತೆ ಕೇಳ್ಬೇಕಲ್ಲಪ್ಪ. ಅವರು ಎಲ್ಲಾ ತಪ್ಪೂ ಸೊಸೇದೇ ಅಂತಾರೆ.”

ತವರು

ಕೊನೆಯ ಕಂತು ಉಳಿದಿತ್ತು, ತಿಂಗಳು ಮುಗಿಯುತ್ತಿತ್ತು. ಟಿವಿ ಮತ್ತೆ ನಿಂತಿತು. ಇನ್ನು ಕೋಡು ನಡೆಯುವುದಿಲ್ಲ, ಆ ಟಿವಿಯೇ ಒಮ್ಮೆ ಮುಖ್ಯ ಮನೆಯ, ಅಂದರೆ ನನ್ನ ಮನೆಯ, ವೈಫೈಗೆ ಸೇರಬೇಕು ಎಂದರು.

ಮಾರನೆಯ ಬೆಳಿಗ್ಗೆ ಅಣ್ಣ ಟಿವಿಯನ್ನು ಕಂಬಳಿಯಲ್ಲಿ ಸುತ್ತಿ ಅರಕಲಗೂಡಿನ ಬಸ್ಸಿನಿಂದ ಇಳಿದ. ಟಿವಿಯ ಮೂಲೆಯಲ್ಲಿ ಅರಿಶಿನ ಕುಂಕುಮ ಇತ್ತು. “ತವರಿಗೋಗ್ತಾ ಅದೆ, ಬರೀ ಅಣೇಲಿ ಕಳಿಸ್ಬಾರ್ದು” ಎಂದು ಅವ್ವ ಇಟ್ಟಿದ್ದಳಂತೆ. ವೈಫೈ ಸೇರಿಸಿದೆವು, ಟಿವಿಗೆ ಜೀವ ಬಂತು. ಕಾಫಿ ತಂದ ನನ್ನ ಹೆಂಡತಿ ಮೆಲ್ಲಗೆ ಕೇಳಿದಳು: “ಬಾವ, ನಮ್ಮನೇಲೂ ಟಿವಿ ಇದೆ. ಇದನ್ನ ಹೊತ್ತು ತರೋ ಬದಲು ಅತ್ತೇನೇ ಕರ್ಕೊಂಡು ಬರಬಹುದಿತ್ತಲ್ಲ?”

ಅಣ್ಣ ಕಾಫಿ ಕುಡಿದು ಲೋಟ ಕೆಳಗಿಟ್ಟ.

“ಅವ್ವಂಗೆ ಬಸ್ ಅತ್ತಿದ್ರೆ ವಾಂತಿ ಕಣವ್ವ. ಟಿವಿಗೆ ಅಂಗೇನಿಲ್ಲ.”

ಸಂಜೆಗೆ ಟಿವಿ ಅರಕಲಗೂಡು ಸೇರಿತು. ಹಕ್ಕು ಮುಗಿಯುವ ಮೊದಲೇ ಅವ್ವ ಕೊನೆಯ ಕಂತು ನೋಡಿ ಫೋನು ಮಾಡಿದಳು.

“ಸೊಸೆ ಬೀಗದಕೈಗೆ ಇನ್ನೇನ್ ಕೈ ಆಕ್ಬೇಕು ಕಣ್ಮಗ, ಅಷ್ಟ್ರಲ್ಲಿ ‘ಮುಂದಿನ ಭಾಗದಲ್ಲಿ’ ಅಂತ ಬಂದ್ಬುಡ್ತು!”

ಆ ಮುಂದಿನ ಭಾಗದ ಹಕ್ಕು ಬೇರೆ ಕಂಪನಿಯದು. ಅದಕ್ಕೆ ಚಂದಾ ಕಟ್ಟಿರುವವರು ಚನ್ನರಾಯಪಟ್ಟಣದಲ್ಲಿರುವ ನಮ್ಮ ಅಕ್ಕನ ಗಂಡ. ಆ ಕಂಪನಿಯ ನಿಯಮ ಸ್ವಲ್ಪ ಬೇರೆ, ಅದನ್ನು ಬಿಡಿಸಿ ಹೇಳದಿದ್ದರೆ ನಿಮಗೆ ಅರ್ಥವಾಗುವುದಿಲ್ಲ. ಅವರ ಪ್ರಕಾರ ಮನೆ ಎಂದರೆ, ಮೊದಲನೆಯದಾಗಿ,

ತಾಳಿ, ಅಣ್ಣನ ಫೋನು.

“ಲೇ, ಬಸ್‌ಸ್ಟ್ಯಾಂಡಿಗೆ ಬಾರ್ಲಾ ಬೇಗ! ಟಿವಿ ಚನ್ರಾಯಪಟ್ಣಕ್ಕೆ ಒಂಟದೆ, ಇಲ್ಲಿ ಬಸ್ ಬದಲಾಯಿಸ್ಬೇಕು, ಒಂದ್ ಕಡೆ ನೀನು ಇಡ್ಕೊ. ಅವ್ವನೂ ಬಂದವ್ಳೆ, ಟಿವಿ ಒಂದನ್ನೇ ಕಳ್ಸಕ್ಕೆ ಮನಸ್ಸು ಬರ್ಲಿಲ್ವಂತೆ. ಬತ್ತಾ ಒಂದ್ ನಿಂಬೆಹಣ್ಣು ತತ್ತಾ.”