ಶಾಲಿನ ಹರಿವಾಣ ಹಿಡಿದ ಲೇಖಕಿಯ ಪರವಾಗಿ

ವರ್ಣದನಿ ಸಾಹಿತ್ಯೋತ್ಸವ ಸಮಿತಿಯ ಘನ ಅಧ್ಯಕ್ಷರಾದ ಶ್ರೀ ಜಗದೀಶ ಅವರ ಸನ್ನಿಧಾನಕ್ಕೆ, ಜುರಾಂಗ್ ವೆಸ್ಟ್‌ನಿಂದ ಪ್ರಫುಲ್ಲಾ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ಸಿಂಗಪುರದ ಕಂದು ಬಣ್ಣದ, ಅಂದರೆ ನಮ್ಮಂಥ ಭಾರತೀಯ ಮೂಲದ, ಹೊಸ ಲೇಖಕರಿಗೆ ಯಾರೂ ವೇದಿಕೆ ಕೊಡುತ್ತಿಲ್ಲವೆಂದು ಮರುಗಿ, ಲಿಟಲ್ ಇಂಡಿಯಾದ ಸಭಾಂಗಣದಲ್ಲಿ ಕಳೆದ ಭಾನುವಾರ ತಾವು ಕೊಟ್ಟೇಬಿಟ್ಟ ವೇದಿಕೆಯ ಮೇಲೆ ನನ್ನ ಅಣ್ಣನ ಮಗಳು ನವ್ಯಶ್ರೀ ನಿಂತದ್ದನ್ನು ಕಣ್ಣಾರೆ ಕಂಡು ಧನ್ಯಳಾದೆ. ಇಲ್ಲೇ ಹುಟ್ಟಿ ಬೆಳೆದು, ಮನೆಯಲ್ಲಿ ತುಳು, ಹೊರಗೆ ಇಂಗ್ಲಿಷ್ ಆಡುವ ಈ ಹುಡುಗಿ ಹಟ ಹಿಡಿದು ಕನ್ನಡ ಅಕ್ಷರ ಕಲಿತು, ವುಡ್‌ಲ್ಯಾಂಡ್ಸ್ ಗಡಿಯಲ್ಲಿ ಮಲೇಷ್ಯಾದ ಜೋಹೊರ್‌ಗೆ ಹೋಗುವ ಬಸ್ಸಿಗೆ ಕ್ಯೂ ನಿಲ್ಲುವ ಹೆಂಗಸರ ಮೇಲೊಂದು ಕಥೆ ಬರೆದು, ಅದನ್ನು ಓದಲೆಂದು ತಮ್ಮ ಆಹ್ವಾನದ ಮೇರೆಗೇ ಬಂದಿದ್ದಳು. ಆದರೆ ಸಾಹಿತ್ಯವೆಂದರೆ ಮೊದಲು ಸನ್ಮಾನ ಎಂಬ ನಮ್ಮವರ ಸತ್ಸಂಪ್ರದಾಯವನ್ನು ಕಡಲಾಚೆಗೂ ಕಾಪಾಡಿಕೊಂಡು ಬಂದ ತಾವು, ಅವಳನ್ನು ಓದಲು ಕರೆಯುವ ಬದಲು ಶಾಲು, ಹಾರ, ಹಣ್ಣಿನ ಬುಟ್ಟಿ ಇಟ್ಟ ಹರಿವಾಣವನ್ನು ಅವಳ ಕೈಗೆ ಕೊಟ್ಟಿರಿ. "ಸ್ವಲ್ಪ ಹೋಲ್ಡ್ ಮಾಡಮ್ಮ, ಇದು ಮುಗಿದ ತಕ್ಷಣ ನಿನ್ ಸ್ಲಾಟೇ" ಎಂದು ತಾವು ಖುದ್ದಾಗಿ ಹೇಳಿದ್ದನ್ನು ಮುಂದಿನ ಸಾಲಿನಲ್ಲಿದ್ದ ನಾನು ಕೇಳಿಸಿಕೊಂಡೆ.

ಆಹಾ, ಎಂಥೆಂಥ ಸನ್ಮಾನಗಳು! ಪ್ರಾಯೋಜಕರಿಗಾಯಿತು, ಪ್ರಾಯೋಜಕರ ಶ್ರೀಮತಿಯವರಿಗಾಯಿತು, ಸನ್ಮಾನ ಮಾಡಿದವರಿಗೆ ಮರುಸನ್ಮಾನವಾಯಿತು, ಸಭಾಂಗಣ ಬುಕ್ ಮಾಡಿಕೊಟ್ಟ ದೀಪೇಶ್ ಅಂಕಲ್‌ಗೆ ತೊಡಿಸಿದ ಪೇಟ ಜಾರಿ ಮೂಗಿನ ಮೇಲೆ ಕೂತಾಗ, ಫೋಟೋ ಸರಿ ಬರಲಿಲ್ಲವೆಂದು ಇನ್ನೊಮ್ಮೆ ತೊಡಿಸಿದ್ದೂ ಆಯಿತು. ಮಾತಾಡಿದವರೆಲ್ಲ ಯುವ ಲೇಖಕರನ್ನು ಬೆಳೆಸಬೇಕೆಂದು, ಹರಿವಾಣ ಹಿಡಿದ ನವ್ಯಶ್ರೀಗೆ ಬೆನ್ನು ಹಾಕಿ ನಿಂತು ಗದ್ಗದಿತರಾದರು. ಅಷ್ಟರಲ್ಲಿ ಊಟದ ಹೊತ್ತಾಯಿತು, ಕಥೆಗೆ ಸಮಯ ಉಳಿಯಲಿಲ್ಲ.

ವಾಪಸ್ ಬರುವಾಗ ಎಂಆರ್‌ಟಿ ರೈಲಿನಲ್ಲಿ ಹುಡುಗಿ, "ಅತ್ತೆ, ಕನ್ನಡದಲ್ಲಿ ಬರೆಯೋದು ಸಾಕು ಲಾ, ಯಾರಿಗೂ ಬೇಡ" ಎಂದು ಇಲ್ಲಿನವರ 'ಲಾ' ಸೇರಿಸಿಯೇ ಹೇಳಿ ಮುಖ ತಿರುಗಿಸಿಕೊಂಡಳು. ನನಗೆ ಮೈ ಉರಿಯಿತು ಸ್ವಾಮಿ, ಮುಚ್ಚಿಟ್ಟು ಏನಾಗಬೇಕಿದೆ.

ಆದ್ದರಿಂದ ನನ್ನ ಸವಿನಯ ಪ್ರಾರ್ಥನೆಯೆಂದರೆ, ಮುಂದಿನ ಉತ್ಸವಕ್ಕೆ ಲೇಖಕರನ್ನು ಕರೆಯುವ ತೊಂದರೆಯನ್ನೇ ತೆಗೆದುಕೊಳ್ಳಬೇಡಿ. ಶಾಲುಗಳನ್ನೇ ಕುರ್ಚಿಯ ಮೇಲೆ ಕೂರಿಸಿ, ಅವು ಒಂದಕ್ಕೊಂದು ಹೊದಿಸಿಕೊಂಡು, ಒಂದನ್ನೊಂದು ಹೊಗಳಿಕೊಳ್ಳುವ ವ್ಯವಸ್ಥೆ ಮಾಡಿ. ಸಾಧ್ಯವಾದರೆ ಬರೆಯುವ ಮಕ್ಕಳು ನಮ್ಮ ಮನೆಗಳಲ್ಲಿ ಹುಟ್ಟದಂತೆ ದೇವರಿಗೊಂದು ಮನವಿ ಸಲ್ಲಿಸಿ, ಅವರನ್ನು ಬೆಳೆಸುವ ತಮ್ಮ ಕಷ್ಟವೂ ತಪ್ಪೀತು.

ಇನ್ನೂ ಸನ್ಮಾನಕ್ಕೆ ಸಿಕ್ಕಿಬೀಳದ,
ತಮ್ಮ ವಿಶ್ವಾಸಿ,
ಪ್ರಫುಲ್ಲಾ

ಮರೆತಿದ್ದ ಮಾತು: ತಮ್ಮ ಜಾಲತಾಣದಲ್ಲಿ ನವ್ಯಶ್ರೀ ಮೈಕಿನ ಮುಂದೆ ನಿಂತ ಫೋಟೋ ಹಾಕಿ, ಕೆಳಗೆ 'ತನ್ನ ಕಥೆ ಓದುತ್ತಿರುವ ಉದಯೋನ್ಮುಖ ಲೇಖಕಿ' ಎಂದು ಬರೆದಿದ್ದೀರಿ. ಆಗ ಅವಳು ತಮ್ಮ ಅಪ್ಪಣೆಯಂತೆ, ಊಟ ತಯಾರಿದೆ, ಎಲ್ಲರೂ ಸಾಲಾಗಿ ಬನ್ನಿ ಎನ್ನುತ್ತಿದ್ದಳು. ದಯವಿಟ್ಟು ತಿದ್ದಬೇಡಿ, ಅವಳ ಕಥೆಯನ್ನು ತಮ್ಮಲ್ಲಿ ಒಬ್ಬರೂ ಕೇಳಿಲ್ಲವಾದ್ದರಿಂದ, ಆ ಊಟದ ಕರೆಯೇ ಆ ಕಥೆಯಲ್ಲ ಎಂದು ಹೇಳಬಲ್ಲವರು ಯಾರೂ ಇಲ್ಲ.