ಗಿರಣಿಯಿಂದ ಕಲಿತ ಶ್ರುತಿ

ತಪ್ಪು ನಡೆದಲ್ಲಿ ಅದಕ್ಕೆ ಹೊಣೆ ಯಾರೆಂದು ಕೇಳುವುದು ನಾಗರಿಕರ ಮೊದಲ ಕರ್ತವ್ಯವೆಂದು ರಾಜ್ಯಶಾಸ್ತ್ರದ ಎಂ.ಎ. ತರಗತಿಯಲ್ಲಿ ಕಲಿತೆ. ಆ ಹೊಣೆ ನಮ್ಮದೇ ಆಗಿದ್ದರೆ ಏನು ಮಾಡಬೇಕೆಂಬ ಪಾಠ ನಡೆದ ದಿನ ನಾನು ಬಹುಶಃ ಗೈರುಹಾಜರಾಗಿದ್ದೆ. ಕಲಿತಷ್ಟನ್ನಂತೂ ಮಧುಗಿರಿಗೆ ಹಿಂದಿರುಗಿದಂದಿನಿಂದ ನಿಷ್ಠೆಯಿಂದ ಆಚರಿಸುತ್ತಿದ್ದೇನೆ. ಬೀದಿದೀಪ ಹಗಲು ಉರಿದರೆ ಒಂದು ಅರ್ಜಿ. ಇರುಳು ಉರಿಯದಿದ್ದರೆ ಎರಡನೆಯದು, ಮೊದಲಿನದರ ಪ್ರತಿಯನ್ನು ಲಗತ್ತಿಸಿ. ಒಮ್ಮೆ ಪಾವಗಡದ ಬಸ್ಸು ತಡವಾಗಿ ಬಂದಾಗ ಕಂಡಕ್ಟರನಿಂದ ಲಿಖಿತ ಕಾರಣ ಕೇಳಿದ್ದೆ. "ಏಮಮ್ಮಾ, ಬರ್ಕೊಡ್ತಾ ಕೂತ್ರೆ ಇನ್ನೂ ಅರ್ಧ ಗಂಟೆ ಲೇಟಾಗ್ತೈತೆ. ಆಮೇಲೆ ಅದಕ್ಕೂ ಕಾರಣ ಕೇಳ್ತೀಯಾ?" ಎಂದು ಆತ ಸೀಟಿ ಊದಿದ. ಪ್ರಶ್ನೆ ನ್ಯಾಯವಾಗಿತ್ತು, ಆದರೂ ನಾನು ಸೋಲೊಪ್ಪಲಿಲ್ಲ.

ಇಂತಹ ನಾನು ಗಿಟಾರು ನುಡಿಸುತ್ತೇನೆ. ವಿಶ್ವವಿದ್ಯಾಲಯದ ಹಾಸ್ಟೆಲಿನ ಗೆಳತಿಯೊಬ್ಬಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದ ವಾದ್ಯವದು. ಅದಕ್ಕೆ ಶ್ರುತಿ ಕೂಡಿಸಲು ಈಗ ಎಲ್ಲರೂ ಮೊಬೈಲನ್ನು ಮುಂದಿಟ್ಟುಕೊಂಡು ಅದರ ಶ್ರುತಿಮಾಪಕದ ಮುಳ್ಳು ನಡುವಿಗೆ ಬರುವವರೆಗೆ ತಂತಿಯ ಬಿರಡೆ ತಿರುವುತ್ತಾರೆ. ನಾನು ಹಾಗೆ ಮಾಡುವವಳಲ್ಲ. ಸ್ವತಂತ್ರ ಪ್ರಜೆಯಾದವಳು ತನ್ನ ತೀರ್ಪನ್ನು ಯಂತ್ರವೊಂದರ ಕೈಗೆ ಒಪ್ಪಿಸಬಾರದೆಂಬುದು ನನ್ನ ಸಿದ್ಧಾಂತ. ಒಂದೇ ಒಂದು ಸ್ವರವನ್ನು ನೆನಪಿನಲ್ಲಿ ಭದ್ರವಾಗಿಟ್ಟುಕೊಂಡರೆ ಸಾಕು. ಐದನೆಯ ತಂತಿಯನ್ನು ಅದಕ್ಕೆ ಸೇರಿಸಿದರೆ ಉಳಿದವು ಅದರ ಹಿಂದೆ ಸಾಲಾಗಿ ಬರುತ್ತವೆ. ಆ ಸ್ವರ ನನಗೆ ದೊರೆತದ್ದು ನಮ್ಮ ಮನೆಯ ಹಿಂದಿನ ಪ್ಯಾರೇಜಾನ್ ಸಾಬರ ರಾಗಿ ಗಿರಣಿಯಿಂದ. ಬೆಳಿಗ್ಗೆ ಏಳಕ್ಕೆ ಅದು 'ಊಂ' ಎಂದು ಹಿಡಿಯುತ್ತಿದ್ದ ಸ್ವರ ನನ್ನ ಐದನೆಯ ತಂತಿಯದೇ ಎಂದು ಊರಿಗೆ ಬಂದ ಹೊಸತರಲ್ಲಿ ಒಮ್ಮೆ ಮೊಬೈಲಿನಲ್ಲಿ ಪರೀಕ್ಷಿಸಿದ್ದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅಂದಿನಿಂದ ಅದು ನನ್ನ ತಲೆಯೊಳಗೆ ಕಲ್ಲಿನಲ್ಲಿ ಕೊರೆದಂತೆ ಇದೆಯೆಂದು ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ.

"ಯಂತ್ರ ಬ್ಯಾಡ ಅಂತೀಯ, ಗಿರಣಿ ಏನು ಮರದಾಗೆ ಬಿಟ್ಟೈತೇನೆ?" ಎಂದು ಅಮ್ಮ ಕೇಳಿದ್ದಳು. ಸಿದ್ಧಾಂತ ಅರಿಯದವರ ಜೊತೆ ನಾನು ವಾದಿಸುವುದಿಲ್ಲ.

ಅಮ್ಮನ ವಿಷಯವನ್ನು ಹೇಳಲೇಬೇಕು, ಏಕೆಂದರೆ ಇಡೀ ಅನಾಹುತದಲ್ಲಿ ಕಳೆದುಕೊಳ್ಳಲು ಏನಾದರೂ ಇದ್ದದ್ದು ಅವಳಿಗೆ ಮಾತ್ರ. ಅಮ್ಮ ಹಾಡುತ್ತಾಳೆ. ಮುದ್ದೆ ತೊಳಸುವಾಗ, ಅವರೆಕಾಯಿ ಸುಲಿಯುವಾಗ, ನನ್ನನ್ನು ಬೈದು ಮುಗಿಸಿದ ಮೇಲೆ ಹಾಡುತ್ತಾಳೆ. ಯಾರಾದರೂ ಬಾಗಿಲಲ್ಲಿ ಕಾಣಿಸಿದರೆ ನಿಲ್ಲಿಸಿಬಿಡುತ್ತಾಳೆ. ಅಂಥವಳು ತೋವಿನಕೆರೆಯ ಮಹಿಳಾ ಸಂಘವೊಂದರ ವಾರ್ಷಿಕೋತ್ಸವದಲ್ಲಿ ಎರಡು ತತ್ವಪದ ಹಾಡಲು, ಐವತ್ತೆರಡನೆಯ ವಯಸ್ಸಿನಲ್ಲಿ, ಒಪ್ಪಿಕೊಂಡಿದ್ದಳು. "ಇದೊಂದ್ಸಲ ನೋಡ್ತೀನಿ. ಕೆಟ್ರೆ ಇನ್ನು ಅಡಿಗೆಮನೇಲೂ ಬಾಯಿ ಬಿಡಾಕಿಲ್ಲ" ಎಂದು ಸಾರಿದ್ದಳು. ಹಾರ್ಮೋನಿಯಂಗೆ ಬಡವನಹಳ್ಳಿಯ ರುದ್ರಣ್ಣ. ವೃತ್ತಿಯಿಂದ ದರ್ಜಿ, ಭಜನೆಯಲ್ಲಿ ಪೆಟ್ಟಿಗೆ ಹಿಡಿದು ಹಳಬರು. ಗಿಟಾರಿಗೆ ನಾನು, ನನ್ನನ್ನು ಯಾರೂ ಕರೆದಿರಲಿಲ್ಲವೆಂಬುದು ಬೇರೆ ವಿಷಯ.

ಮೊದಲ ಅಭ್ಯಾಸದಲ್ಲಿಯೇ ಹಾರ್ಮೋನಿಯಂ ಒಂದು ಕಡೆ, ಗಿಟಾರು ಒಂದು ಕಡೆ ಎಳೆದವು. ಹಾರ್ಮೋನಿಯಂನ ಬಿಳಿ ಮನೆಗೂ ಪಕ್ಕದ ಕರಿ ಮನೆಗೂ ನಡುವಿನ, ಯಾರಿಗೂ ಸೇರದ ಜಾಗದಲ್ಲಿ ನನ್ನ ತಂತಿ ನಿಂತಿತ್ತು. ಅಮ್ಮ ಎರಡನೆಯ ಚರಣಕ್ಕೆ ಕೆಮ್ಮಿ ನಿಲ್ಲಿಸಿದಳು.

"ಲೇ, ನಿನ್ನ ತಂತಿ ನನ್ನ ಗಂಟ್ಲು ಹಿಡ್ಕಂಡು ಮೇಲಕ್ಕೆ ಎಳೀತೈತೆ ಕಣೆ."

"ತಂತಿ ಸರಿಯಾಗಿದೆ. ಪೆಟ್ಟಿಗೆ ಇಳಿದಿದೆ" ಎಂದೆ.

ರುದ್ರಣ್ಣ ನಕ್ಕರು. "ಇದು ನಮ್ಮಪ್ಪನ ಕಾಲದ್ದು ಕಣಮ್ಮ. ಇಳಿಯೋದಿದ್ರೆ ನಮ್ಮಪ್ಪನ ಜೊತೇಗೇ ಇಳೀತಿತ್ತು. ಮೊಬೈಲ್ನಾಗೆ ಒಂದ್ಸಲ ನೋಡ್ಬುಡು."

ಮೊಬೈಲ್! ನನ್ನ ಸಿದ್ಧಾಂತಕ್ಕೆ ಕೈ ಹಾಕಿದವರನ್ನು ನಾನು ಸುಮ್ಮನೆ ಬಿಟ್ಟದ್ದಿಲ್ಲ. ಆ ಸಂಜೆಯೇ ಸಂಘದ ಅಧ್ಯಕ್ಷೆಗೆ ಮೂರು ಪುಟದ ಮನವಿ ಬರೆದೆ: 'ಸಾರ್ವಜನಿಕ ವೇದಿಕೆಯಲ್ಲಿ ದೋಷಪೂರಿತ ವಾದ್ಯದ ಬಳಕೆ ಮತ್ತು ತತ್ಸಂಬಂಧಿತ ಉತ್ತರದಾಯಿತ್ವದ ಕುರಿತು.' ನನ್ನ ಮನವಿಗಳಿಗೆ ಉತ್ತರ ಬರುವ ವಾಡಿಕೆಯಿಲ್ಲ. ಇದಕ್ಕೆ ಮಾತ್ರ ಮರುದಿನವೇ ಬಂದಿತು. ಆ ಸಾಧು ಹೆಂಗಸು 'ಉತ್ತರದಾಯಿತ್ವ'ದ ಮುಂದೆ ಹೆದರಿ, ರುದ್ರಣ್ಣನವರಿಗೆ ಫೋನು ಮಾಡಿ, ಈ ಸಲ ಬರುವುದು ಬೇಡವೆಂದುಬಿಟ್ಟಿದ್ದರು. ಬದುಕಿನಲ್ಲಿ ಮೊದಲ ಬಾರಿಗೆ ನನ್ನ ಅರ್ಜಿಯೊಂದು ಫಲ ಕೊಟ್ಟಿತ್ತು. ಸಂಭ್ರಮದಿಂದ ಅಮ್ಮನಿಗೆ ಓದಿ ಹೇಳಿದೆ. ಅವಳು ಮೊರದಲ್ಲಿದ್ದ ರಾಗಿಯನ್ನು ಚೀಲಕ್ಕೆ ಸುರಿದು ನನ್ನ ಮುಂದಿಟ್ಟಳು.

"ರುದ್ರಣ್ಣ ಇಲ್ದೆ ನಾನು ಹಾಡಾಕಿಲ್ಲ. ಮುಗೀತು. ಹೋಗು, ಬೀಸಿಸ್ಕೊಂಡು ಬಾ."

ಕಾರ್ಯಕ್ರಮಕ್ಕೆ ಎರಡೇ ದಿನ ಉಳಿದಿತ್ತು. ಗಿರಣಿಯಲ್ಲಿ ಪ್ಯಾರೇಜಾನ್ ಸಾಬರು ಹುಬ್ಬಿನವರೆಗೆ ಹಿಟ್ಟು ಮೆತ್ತಿಕೊಂಡು ಬಹಳ ಖುಷಿಯಲ್ಲಿದ್ದರು.

"ನೋಡು ಬೇಟಿ, ಹೊಸ ಪುಲ್ಲಿ! ಬೆಲ್ಟ್ ಓಡೋ ಹಳೇ ಚಕ್ರ ಸವೆದು ಹೋಗಿತ್ತು. ಹೋದ ತಿಂಗಳು ನಾಲ್ಕು ದಿನ ಬಂದ್ ಮಾಡಿ ಹಾಕ್ಸಿದೆ. ಈಗ ಹೆಂಗೆ ಓಡ್ತದೆ, ಜಬರ್ದಸ್ತ್!"

ನನ್ನ ಕೈಯ ಚೀಲ ಭಾರವಾಯಿತು. "ಸಾಬರೇ, ಓಡುವ ಸದ್ದೇನಾದರೂ ಬದಲಾಗಿದೆಯೇ?"

"ಆಗದೆ ಇರ್ತದಾ? ಸ್ಪೀಡ್ ಜಾಸ್ತಿ ಆಯ್ತಲ್ಲ, ದನಿ ಮೇಲೆ ಹೋಯ್ತು. ಬೀದಿಗೆಲ್ಲಾ ಗೊತ್ತು. ಮ್ಯೂಸಿಕ್ ಆಡೋಳು, ನಿಂಗೆ ಗೊತ್ತಾಗ್ಲಿಲ್ವಾ?"

ಗೊತ್ತಾಗಿತ್ತು, ಓದುಗರೇ. ಅದೇ ನನ್ನ ನಾಚಿಕೆ. ಮುಚ್ಚಿದ್ದ ಗಿರಣಿ ಮತ್ತೆ ಕೂಗಿದ ಬೆಳಿಗ್ಗೆ ನನ್ನ ತಂತಿ ಕೊಂಚ ಕೆಳಗಿರುವಂತೆ ಕೇಳಿಸಿತ್ತು. ಗಿಟಾರು ಚಳಿಗೆ ಸಡಿಲಗೊಂಡಿದೆಯೆಂದು ತೀರ್ಮಾನಿಸಿ, ಅದರ ಕಿವಿ ಹಿಂಡಿ ಮೇಲೆ ತಂದಿದ್ದೆ. ಕಲ್ಲಿನಲ್ಲಿ ಕೊರೆದದ್ದೆಂದು ಕೊಚ್ಚಿಕೊಂಡ ನೆನಪನ್ನು ನಾನು ದಿನವೂ ಏಳು ಗಂಟೆಗೆ ಗಿರಣಿಯನ್ನು ನೋಡಿ ನಕಲು ಮಾಡುತ್ತಿದ್ದೆ. ಮನೆಗೆ ಬಂದು, ಬಾಗಿಲು ಹಾಕಿ, ಯಾರಿಗೂ ಕಾಣದಂತೆ ಮೊಬೈಲ್ ತೆರೆದೆ. ಮುಳ್ಳು ಬಲಕ್ಕೆ, ಶ್ರುತಿ ಹೆಚ್ಚಾದ ಕಡೆಗೆ, ವಾಲಿ ನಿಂತಿತು. ಗಿಟಾರನ್ನು ತಿರುಗಿಸಿ ಹಿಡಿದು ನೋಡಿದೆ. ಆಗಲೂ ಬಲಕ್ಕೇ.

ಕ್ಷಮೆಯನ್ನು ಫೋನಿನಲ್ಲಿ ಕೇಳಬಹುದಿತ್ತು. ಆದರೆ ಆರೋಪ ಲಿಖಿತವಾಗಿದ್ದ ಮೇಲೆ ಕ್ಷಮೆಯೂ ಲಿಖಿತವಾಗಿರಬೇಕೆಂಬ ನಿಯಮವನ್ನು ಊರಿಗೆಲ್ಲ ಬೋಧಿಸಿದವಳು ನಾನೇ. ಅಧ್ಯಕ್ಷೆಗೆ ಒಂದು ಪ್ರತಿ ಕಳಿಸಿ, ಮತ್ತೊಂದನ್ನು ಹಿಡಿದು ಬಡವನಹಳ್ಳಿಗೆ ಹೋದೆ. ರುದ್ರಣ್ಣನವರ ಅಂಗಡಿಯಲ್ಲಿ ರವಿಕೆ ಹೊಲಿಸಲು ಬಂದ ನಾಲ್ಕು ಮಂದಿ ಹೆಂಗಸರು ಕುಳಿತಿದ್ದರು. ರುದ್ರಣ್ಣ ಕಾಗದವನ್ನು ನೋಡಿ ನನಗೇ ಹಿಂದಿರುಗಿಸಿದರು.

"ಕನ್ನಡಕ ಮನೇಲೈತೆ. ನೀನೇ ಓದ್ಬುಡಮ್ಮ, ಜೋರಾಗಿ."

ಕನ್ನಡಕವಿಲ್ಲದೆ ಅವರು ಸೂಜಿಗೆ ದಾರ ಪೋಣಿಸುತ್ತಿದ್ದುದನ್ನು ಗಮನಿಸಿಯೂ ಓದಿದೆ. ಹೆಂಗಸರು ಉಸಿರು ಬಿಗಿಹಿಡಿದು ಕೇಳಿದರು. 'ನನ್ನ ಶ್ರವಣೇಂದ್ರಿಯದ ಲೋಪದಿಂದ' ಎಂಬಲ್ಲಿ ರುದ್ರಣ್ಣ ಕೈಯೆತ್ತಿದರು. "ಅದೊಂದು ಇನ್ನೊಂದ್ಸಲ." ಮತ್ತೆ ಓದಿದೆ. ಆಮೇಲೆ ಕೊರಳಿನ ಟೇಪನ್ನು ತೆಗೆದು ತೋರಿಸಿದರು. "ಇದು ಹಿಗ್ಗಿದ್ರೆ ಊರಲ್ಲಿರೋರೆಲ್ಲಾ ಸಣ್ಣಗಾದಂಗೆ ಕಾಣ್ತಾರೆ ಕಣಮ್ಮ. ಅದಕ್ಕೇ ಆಗಾಗ ಇದನ್ನೂ ಅಳ್ದು ನೋಡ್ತೀನಿ. ಹೋಗು, ನಿಮ್ಮಮ್ಮಂಗೆ ಬತ್ತೀನಿ ಅಂತೇಳು."

ಅಮ್ಮ ಹಾಡಲು ಒಪ್ಪಿದಳು, ಒಂದು ಷರತ್ತಿನ ಮೇಲೆ: "ಗಿಟಾರು ಹಿಡ್ಕಂಡು ಪಕ್ಕದಾಗೆ ಕೂತ್ಕ, ಧೈರ್ಯ ಇರ್ತದೆ. ತಂತಿ ಮುಟ್ಟಬ್ಯಾಡ." ಹಾಗೆಯೇ ಕುಳಿತೆ. ಮೊದಲ ಸಾಲಿನಲ್ಲಿ ಅವಳ ದನಿ ನಡುಗಿತು. ರುದ್ರಣ್ಣ ಕಣ್ಣೆತ್ತದೆ ಅದೇ ಸ್ವರವನ್ನು ಹಿಡಿದು ಕಾದರು. ಎರಡನೆಯ ಸಾಲಿಗೆ ಅವಳು ಜನರಿದ್ದಾರೆಂಬುದನ್ನೇ ಮರೆತಳು. ಎರಡು ಪದವೆಂದು ಕೂತವಳು ನಾಲ್ಕು ಹಾಡಿದಳು. ನಾನು ತಂತಿಗಳ ಮೇಲೆ ಅಂಗೈಯಿಟ್ಟು, ತಾಳಕ್ಕೆ ತಲೆದೂಗುತ್ತ, ಗಂಭೀರವಾಗಿ ಕುಳಿತಿದ್ದೆ.

ಮುಗಿದ ಮೇಲೆ ಗೌಡಗೆರೆಯಿಂದ ಬಂದಿದ್ದ ಹೆಂಗಸೊಬ್ಬರು ಬಂದು ನನ್ನ ಕೈ ಹಿಡಿದುಕೊಂಡರು. "ಎಂಥಾ ಹದವಾಗಿ ಬಾರಿಸ್ದೆ ಕಣವ್ವ! ಅಮ್ಮನ ದನಿಗೆ ಒಂಚೂರೂ ಅಡ್ಡ ಬರ್ಲಿಲ್ಲ. ಈ ಕಾಲದೋರ್ಗೆ ಇಂಗೆ ಬಾರ್ಸೋಕೆ ಬರಾಕಿಲ್ಲ."

ಪ್ರಾಮಾಣಿಕ ನಾಗರಿಕಳು ಆ ಕ್ಷಣವೇ ವಾಸ್ತವಾಂಶಗಳನ್ನು ಸ್ಪಷ್ಟಪಡಿಸಬೇಕಿತ್ತು. ನಾನು "ಎಲ್ಲಾ ಕಿವಿಯ ಸಾಧನೆ ಅಕ್ಕ" ಎಂದು ಹೇಳಿ, ಅಮ್ಮ ಕೇಳಿಸಿಕೊಳ್ಳುವ ಮೊದಲೇ ಊಟದ ಪಂಕ್ತಿಗೆ ಹೋಗಿ ಕುಳಿತೆ.